ಆಂಟಿಬಯಾಟಿಕ್ ಪ್ರತಿರೋಧ: ಸಾಕುಪ್ರಾಣಿಗಳ ಮತ್ತು ಮನುಷ್ಯರ ನಡುವಿನ ಹರಡುವಿಕೆ

ಆಂಟಿಬಯಾಟಿಕ್ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳೂ ಆ ಗುಣವನ್ನು ಹೊತ್ತ ಜೀನ್‌ಗಳೂ ದನ, ಹಂದಿ, ಕೋಳಿ, ಕುರಿ, ಸಾಕುಮೀನು ಮೊದಲಾದವುಗಳಿಂದ ಮನುಷ್ಯರಿಗೆ ದಾಟುತ್ತವೆ. ಮನುಷ್ಯರಿಂದ ಈ ಪ್ರಾಣಿಗಳಿಗೂ ದಾಟುತ್ತವೆ. ಆಹಾರ, ನೀರು, ಗೊಬ್ಬರ ಮತ್ತು ನೇರ ಸಂಪರ್ಕ ಇದರ ಮುಖ್ಯ ದಾರಿಗಳು. ಪೆನಿಸಿಲಿನ್, ಟೆಟ್ರಾಸೈಕ್ಲಿನ್, ಸಲ್ಫಾ, ಕ್ವಿನೊಲೋನ್ ಹೀಗೆ ವೈದ್ಯರು ನೆಚ್ಚಿಕೊಂಡಿರುವ ಬಹುತೇಕ ಔಷಧ ಗುಂಪುಗಳು ಪಶುವೈದ್ಯದಲ್ಲೂ ಬಳಕೆಯಲ್ಲಿವೆ. ಹಾಗಾಗಿ ಕೊಟ್ಟಿಗೆಯಲ್ಲಿ ಬೆಳೆದ ಪ್ರತಿರೋಧ ಆಸ್ಪತ್ರೆಯ ಹಾಸಿಗೆಯವರೆಗೂ ಬರಬಲ್ಲದು.

2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಂದಾಜಿನಂತೆ, 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ಸೋಂಕಿನಿಂದಲೇ ಸತ್ತರು, ಸುಮಾರು 49.5 ಲಕ್ಷ ಸಾವುಗಳಲ್ಲಿ ಅಂಥ ಸೋಂಕು ಜೊತೆಗಿತ್ತು. ಇದರಲ್ಲಿ ಹೆಚ್ಚಿನ ಹೊಣೆ ಮನುಷ್ಯರೇ ಔಷಧಗಳನ್ನು ಬಳಸುವ ರೀತಿಯದು. ಪ್ರಾಣಿಗಳ ಪಾಲನ್ನು ಉಬ್ಬಿಸಿ ಹೇಳುವುದು ತಪ್ಪು. ಆದರೆ ಆ ಪಾಲನ್ನು ಅಲ್ಲಗಳೆಯುವುದು ಇನ್ನೂ ದೊಡ್ಡ ತಪ್ಪು. ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಅದಕ್ಕೆ ಸಾಕ್ಷ್ಯ ಸೇರುತ್ತಲೇ ಬಂದಿದೆ.

ಮೇವಿಗೆ ಸೇರಿದ ಔಷಧ

ಪ್ರಾಣಿಗಳಿಗೆ ಆಂಟಿಬಯಾಟಿಕ್ ಕೊಡುವುದು ಮೂರು ಕಾರಣಕ್ಕೆ: ರೋಗ ಬಂದಾಗ ಗುಣಪಡಿಸಲು, ಹಿಂಡಿನಲ್ಲಿ ರೋಗ ಬಾರದಂತೆ ಮುಂಚಿತವಾಗಿ, ಮತ್ತು ಬೇಗ ಕೊಬ್ಬಲಿ ಎಂದು. ಈ ಮೂರನೆಯ ಬಳಕೆ ಆಕಸ್ಮಿಕವಾಗಿ ಶುರುವಾಯಿತು. 1940ರ ದಶಕದ ಕೊನೆಯಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿಮರಿಗಳ ಮೇವಿಗೆ ವಿಟಮಿನ್ ಬಿ12ರ ಅಗ್ಗದ ಮೂಲವೊಂದನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ ಎಂಬ ಆಂಟಿಬಯಾಟಿಕ್‌ನ ತಯಾರಿಕೆಯಲ್ಲಿ ಉಳಿದ ಚರಟವನ್ನು ತಿನ್ನಿಸಿದಾಗ ಮರಿಗಳು ವಿಟಮಿನ್‌ನ ಲೆಕ್ಕಕ್ಕೂ ಮೀರಿ ಬೆಳೆದವು. ಚರಟದಲ್ಲಿ ಉಳಿದಿದ್ದ ಅಲ್ಪ ಔಷಧವೇ ಅದಕ್ಕೆ ಕಾರಣ. 1951ರ ಹೊತ್ತಿಗೆ ಅಮೆರಿಕದಲ್ಲಿ ಪಶುವೈದ್ಯರ ಚೀಟಿಯಿಲ್ಲದೆಯೇ ಮೇವಿಗೆ ಆಂಟಿಬಯಾಟಿಕ್ ಬೆರೆಸಲು ಅನುಮತಿ ಸಿಕ್ಕಿತು. ಇತರ ದೇಶಗಳೂ ಅದೇ ಹಾದಿ ಹಿಡಿದವು.

ಇಲ್ಲಿ ಎಡವಟ್ಟು ಇರುವುದು ಪ್ರಮಾಣದಲ್ಲಿ. ರೋಗಕ್ಕೆ ಕೊಡುವ ಪೂರ್ಣ ಪ್ರಮಾಣ ಔಷಧಕ್ಕೆ ಬಗ್ಗುವ ಬ್ಯಾಕ್ಟೀರಿಯಗಳನ್ನು ಕೆಲವು ದಿನಗಳಲ್ಲಿ ಕೊಂದು ಮುಗಿಸುತ್ತದೆ. ಮೇವಿನಲ್ಲಿ ವಾರಗಟ್ಟಲೆ ಕೊಡುವ ಕಡಿಮೆ ಪ್ರಮಾಣ ಹಾಗೆ ಕೊಲ್ಲುವುದಿಲ್ಲ. ಔಷಧವನ್ನು ಸ್ವಲ್ಪವಾದರೂ ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಗಳಿಗೆ ಅದು ದಿನದಿನವೂ ಮೇಲುಗೈ ಕೊಡುತ್ತದೆ. ಸಾವಿರಾರು ಕೋಳಿಗಳು ಒಂದೇ ಶೆಡ್ಡಿನಲ್ಲಿ, ಒಂದೇ ಹಾಸುಹೊಟ್ಟಿನ ಮೇಲೆ, ಒಂದೇ ನೀರಿನ ಕೊಳವೆಗೆ ಬಾಯಿಡುವಾಗ ಅಂಥ ಬ್ಯಾಕ್ಟೀರಿಯ ಒಂದರ ಕರುಳಿನಿಂದ ಇನ್ನೊಂದಕ್ಕೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಜೀನ್‌ಗಳ ವಲಸೆ

ಬ್ಯಾಕ್ಟೀರಿಯ ತನ್ನ ಗುಣಗಳನ್ನು ಮರಿಗಳಿಗೆ ಮಾತ್ರ ಕೊಡುವುದಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಕ್ಕೂ ಕೊಡಬಲ್ಲದು ಎಂಬುದನ್ನು ಜಪಾನಿನ ಸಂಶೋಧಕರು 1959ರಲ್ಲಿ ಆಮಶಂಕೆ ತರುವ ಶಿಗೆಲ್ಲ ಮತ್ತು ನಿರಪಾಯಕಾರಿ ಇ. ಕೋಲೈಗಳ ನಡುವೆ ತೋರಿಸಿದರು. ತ್ಸುತೊಮು ವಾತಾನಾಬೆ 1963ರಲ್ಲಿ ಬರೆದ ಸಮೀಕ್ಷೆಯಿಂದ ಇದು ಪಾಶ್ಚಾತ್ಯ ವಿಜ್ಞಾನಿಗಳ ಗಮನಕ್ಕೆ ಬಂತು. ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳು ಈ ವಿನಿಮಯದ ವಾಹನಗಳು. ಒಂದೇ ಪ್ಲಾಸ್ಮಿಡ್ ಮೇಲೆ ನಾಲ್ಕೈದು ಔಷಧಗಳ ವಿರುದ್ಧದ ಜೀನ್‌ಗಳು ಸಾಲಾಗಿ ಕೂತಿರಬಹುದು. ಆಗ ಒಂದು ಔಷಧ ಬಳಸಿದರೂ ಉಳಿದವುಗಳ ವಿರುದ್ಧದ ಪ್ರತಿರೋಧವೂ ಜೊತೆಗೇ ಬೆಳೆಯುತ್ತದೆ. ಔಷಧವೇ ಆಗಬೇಕೆಂದೂ ಇಲ್ಲ. ಹಂದಿಮರಿಗಳ ಭೇದಿಗೆ ಮೇವಿನಲ್ಲಿ ಬೆರೆಸುತ್ತಿದ್ದ ಸತುವಿನ ಆಕ್ಸೈಡ್ ಕೂಡ ಸತುವನ್ನು ತಾಳುವ ಜೀನಿನ ಜೊತೆಗೆ ಮೆಥಿಸಿಲಿನ್ ಪ್ರತಿರೋಧದ ಜೀನನ್ನೂ ಉಳಿಸಬಲ್ಲದೆಂದು ಕಂಡುಬಂದಿದೆ. ಯುರೋಪ್ ಒಕ್ಕೂಟ 2022ರಲ್ಲಿ ಅದರ ಔಷಧೀಯ ಬಳಕೆಯನ್ನು ನಿಲ್ಲಿಸಿತು. ಪರಿಸರಕ್ಕೆ ಸೇರುವ ಸತುವೂ ಅದಕ್ಕೆ ಒಂದು ಕಾರಣ.

ಇದರಿಂದಾಗಿ ಹರಡುವಿಕೆಯನ್ನು ಪತ್ತೆಹಚ್ಚುವ ಕೆಲಸ ಕಷ್ಟದ್ದಾಗಿದೆ. ಕೆಲವೊಮ್ಮೆ ಇಡೀ ಬ್ಯಾಕ್ಟೀರಿಯವೇ ಪ್ರಾಣಿಯಿಂದ ಮನುಷ್ಯನಿಗೆ ಬಂದು ರೋಗ ತರುತ್ತದೆ. ಸಾಲ್ಮೊನೆಲ್ಲ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಈ ಬಗೆಯವು. ಕೆಲವೊಮ್ಮೆ ಕೋಳಿಯ ಇ. ಕೋಲೈ ಮನುಷ್ಯನ ಕರುಳಿನಲ್ಲಿ ಕೆಲವು ದಿನ ತಂಗಿ, ತನ್ನ ಪ್ಲಾಸ್ಮಿಡ್ಡನ್ನು ಅಲ್ಲಿಯ ಇ. ಕೋಲೈಗೆ ಕೊಟ್ಟು ಮರೆಯಾಗುತ್ತದೆ. ತಿಂಗಳುಗಳ ಬಳಿಕ ಮೂತ್ರನಾಳದ ಸೋಂಕು ಕಾಣಿಸಿಕೊಂಡಾಗ ರೋಗಿಯ ದೇಹದಲ್ಲಿ ಕೋಳಿಯ ಬ್ಯಾಕ್ಟೀರಿಯ ಇರುವುದಿಲ್ಲ, ಅದರ ಜೀನ್ ಮಾತ್ರ ಇರುತ್ತದೆ.

ಸಾಕ್ಷ್ಯಗಳು

1960ರ ದಶಕದ ನಡುವೆ ಇಂಗ್ಲೆಂಡಿನಲ್ಲಿ ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲ ಟೈಫಿಮ್ಯೂರಿಯಂನ ಒಂದು ತಳಿ ಎಳೆಗರುಗಳಲ್ಲಿ ಹಬ್ಬಿತು. ಹುಟ್ಟಿದ ಕೆಲವೇ ದಿನಗಳಲ್ಲಿ ಕರುಗಳನ್ನು ಕೊಂಡು, ಒಟ್ಟಿಗೆ ಕೂಡಿಹಾಕಿ, ದೂರದೂರದ ಫಾರಂಗಳಿಗೆ ಮಾರುವ ವ್ಯಾಪಾರವೇ ರೋಗವನ್ನು ದೇಶದುದ್ದಕ್ಕೂ ಒಯ್ದಿತು. ಅದೇ ತಳಿ ಮನುಷ್ಯರಲ್ಲೂ ಕಂಡಿತು. ಲಂಡನ್ನಿನ ಪ್ರಯೋಗಾಲಯದಲ್ಲಿ ಇದರ ಜಾಡು ಹಿಡಿದ ಇ. ಎಸ್. ಆ್ಯಂಡರ್ಸನ್ ಅವರ ಒತ್ತಾಯದ ಫಲವಾಗಿ ಸರ್ಕಾರ ಮೈಕೇಲ್ ಸ್ವಾನ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1969ರ ಸ್ವಾನ್ ವರದಿ ಒಂದು ಗೆರೆ ಎಳೆಯಿತು: ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರೆಸಕೂಡದು, ಚಿಕಿತ್ಸೆಗೆ ಬೇಡವಾದವನ್ನು ಬೆರೆಸಬಹುದು. ವಿವೇಕದ ಗೆರೆಯೇ ಅದು. ಆದರೆ ಮುಂದಿನ ಮೂವತ್ತು ವರ್ಷಗಳ ಅನುಭವ ಹೇಳುವುದೇನೆಂದರೆ, ಪ್ರಾಣಿಯ ಔಷಧ ಬೇರೆ, ಮನುಷ್ಯರ ಔಷಧ ಬೇರೆ ಎಂಬ ಆ ವಿಂಗಡಣೆ ಎಲ್ಲಿಯೂ ನಿಲ್ಲಲಿಲ್ಲ.

ಮೊದಲು ಅಮೆರಿಕದ ಒಂದು ಪ್ರಯೋಗ. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಸ್ಟುವರ್ಟ್ ಲೆವಿ ಸಮೀಪದ ಒಂದು ಫಾರಂನಲ್ಲಿ ಸುಮಾರು 300 ಕೋಳಿಮರಿಗಳನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಟೆಟ್ರಾಸೈಕ್ಲಿನ್ ಬೆರೆತ ಮೇವು ಕೊಟ್ಟರು. ಪಶು ಔಷಧ ತಯಾರಕರ ಸಂಘವೇ ಇದಕ್ಕೆ ಹಣ ಒದಗಿಸಿತ್ತು. ಒಂದು ವಾರದಲ್ಲೇ ಆ ಕೋಳಿಗಳ ಕರುಳಿನ ಬ್ಯಾಕ್ಟೀರಿಯಗಳು ಬಹುತೇಕ ಟೆಟ್ರಾಸೈಕ್ಲಿನ್‌ಗೆ ಬಗ್ಗದಾದವು. ಐದಾರು ತಿಂಗಳಲ್ಲಿ ಫಾರಂನಲ್ಲಿ ವಾಸವಿದ್ದವರ ವಾರದ ಮಲದ ಮಾದರಿಗಳಲ್ಲಿ 31.3%ರಷ್ಟರಲ್ಲಿ ಪ್ರತಿರೋಧಿ ಬ್ಯಾಕ್ಟೀರಿಯಗಳೇ ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದವು. ನೆರೆಹೊರೆಯವರಲ್ಲಿ ಅಂಥ ಮಾದರಿ 6.8% ಮಾತ್ರ. ಆ ಮನೆಯವರು ಯಾರೂ ಟೆಟ್ರಾಸೈಕ್ಲಿನ್ ನುಂಗುತ್ತಿರಲಿಲ್ಲ. ಕೋಳಿಗಳಲ್ಲಿ ಎಂದೂ ಕೊಡದ ಬೇರೆ ಔಷಧಗಳಿಗೂ ಪ್ರತಿರೋಧ ಕಾಣಿಸಿತು. 1976ರಲ್ಲಿ ಪ್ರಕಟವಾದ ಈ ಫಲಿತಾಂಶದ ಮರುವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೇವಿನಲ್ಲಿ ಪೆನಿಸಿಲಿನ್ ಮತ್ತು ಟೆಟ್ರಾಸೈಕ್ಲಿನ್ ಬಳಕೆಗೆ ಕಡಿವಾಣ ಹಾಕಲು ಹೊರಟಿತು. ಸಂಸತ್ತು ಅದನ್ನು ತಡೆಯಿತು. ಬೆಳವಣಿಗೆಗಾಗಿ ಅವನ್ನು ಬಳಸುವುದು ಅಮೆರಿಕದಲ್ಲಿ ನಿಂತದ್ದು 2017ರ ಜನವರಿಯಲ್ಲಿ. ಆ ನಲವತ್ತು ವರ್ಷಗಳ ವಿಳಂಬಕ್ಕೆ ವಿಜ್ಞಾನದ ಕೊರತೆ ಕಾರಣವಾಗಿರಲಿಲ್ಲ.

ಎಲ್ಲಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಪೂರ್ವ ಜರ್ಮನಿಯದು. ಅಲ್ಲಿ 1983ರಿಂದ ಹಂದಿಗಳ ಮೇವಿಗೆ ನೂರ್ಸಿಯೋಥ್ರಿಸಿನ್ ಎಂಬ ಆಂಟಿಬಯಾಟಿಕ್ ಸೇರಿಸಲಾಯಿತು. ಮನುಷ್ಯರಿಗೆ ಇದನ್ನು ಎಲ್ಲೂ ಕೊಡುತ್ತಿರಲಿಲ್ಲ, ಸ್ವಾನ್ ವರದಿಯ ಗೆರೆಯೊಳಗೇ ಇದ್ದ ಔಷಧ. ಎರಡು ವರ್ಷಗಳಲ್ಲಿ ಹಂದಿಗಳ ಇ. ಕೋಲೈಯಲ್ಲಿ ಅದರ ವಿರುದ್ಧ ಪ್ರತಿರೋಧ ಹುಟ್ಟಿತು. ಆಮೇಲೆ ಅದು ಹಂದಿ ಸಾಕುವವರಲ್ಲಿ, ಅವರ ಮನೆಮಂದಿಯಲ್ಲಿ, ಹಂದಿಯ ಸಂಪರ್ಕವೇ ಇಲ್ಲದ ಊರಿನ ಜನರಲ್ಲಿ, ಮೂತ್ರನಾಳದ ಸೋಂಕಿನ ರೋಗಿಗಳಲ್ಲಿ ಹೆಜ್ಜೆಹೆಜ್ಜೆಯಾಗಿ ಕಂಡಿತು. 1987ರಲ್ಲಿ ಶಿಗೆಲ್ಲದಲ್ಲೂ ಅದೇ ಜೀನ್ ಸಿಕ್ಕಿತು. ಶಿಗೆಲ್ಲ ಮನುಷ್ಯರ ಬ್ಯಾಕ್ಟೀರಿಯ, ಹಂದಿಯದಲ್ಲ. ಔಷಧದ ಬಳಕೆ ಒಂದೇ ಕಡೆ ಇದ್ದುದರಿಂದ ಜೀನ್ ಎಲ್ಲಿಂದ ಹೊರಟಿತೆಂಬ ಬಗ್ಗೆ ವಾದಕ್ಕೆ ಎಡೆಯೇ ಉಳಿಯಲಿಲ್ಲ.

ಪಶ್ಚಿಮ ಯುರೋಪಿನಲ್ಲಿ ಅವೊಪಾರ್ಸಿನ್‌ನ ಕಥೆ ಇದಕ್ಕಿಂತ ಗಂಭೀರವಾಯಿತು. 1970ರ ದಶಕದಿಂದ ಕೋಳಿ, ಹಂದಿಗಳ ಮೇವಿನಲ್ಲಿ ಬಳಸುತ್ತಿದ್ದ ಈ ಔಷಧವೂ ಮನುಷ್ಯರಿಗೆ ಕೊಡುವಂಥದ್ದಲ್ಲ. ಆದರೆ ರಾಸಾಯನಿಕವಾಗಿ ಅದು ವ್ಯಾಂಕೊಮೈಸಿನ್‌ನ ಬಂಧು, ಮತ್ತು ವ್ಯಾಂಕೊಮೈಸಿನ್ ತೀವ್ರ ಸೋಂಕಿಗೆ ಆಸ್ಪತ್ರೆಗಳು ಕೊನೆಗೆ ಮೊರೆಹೋಗುವ ಔಷಧ. ಒಂದರ ವಿರುದ್ಧದ ಜೀನ್ ಇನ್ನೊಂದನ್ನೂ ನಿಷ್ಫಲಗೊಳಿಸುತ್ತದೆ. 1990ರ ದಶಕದಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್ ಬ್ಯಾಕ್ಟೀರಿಯ ಯುರೋಪಿನ ಕೋಳಿ, ಹಂದಿ, ಮಾಂಸ, ಆರೋಗ್ಯವಂತ ಜನರ ಕರುಳು ಎಲ್ಲೆಡೆ ಸಿಗತೊಡಗಿತು. ಅವೊಪಾರ್ಸಿನ್ ಬಳಸದ ಅಮೆರಿಕದಲ್ಲಿ ಅದೇ ಬ್ಯಾಕ್ಟೀರಿಯ ಆಸ್ಪತ್ರೆಗಳಲ್ಲಿ ಯುರೋಪಿಗಿಂತ ಹೆಚ್ಚು ಹಾವಳಿ ಮಾಡಿತೆಂಬುದನ್ನೂ ಇಲ್ಲಿ ಹೇಳಲೇಬೇಕು. ಅಲ್ಲಿ ಅದನ್ನು ಬೆಳೆಸಿದ್ದು ಆಸ್ಪತ್ರೆಗಳಲ್ಲಿನ ವ್ಯಾಂಕೊಮೈಸಿನ್ ಬಳಕೆ. ಪ್ರತಿರೋಧಕ್ಕೆ ಒಂದೇ ತವರು ಇಲ್ಲ.

ಡೆನ್ಮಾರ್ಕ್ 1995ರಲ್ಲಿ ಅವೊಪಾರ್ಸಿನ್ ನಿಷೇಧಿಸಿತು. ಯುರೋಪ್ ಒಕ್ಕೂಟ 1997ರಲ್ಲಿ. ಡೆನ್ಮಾರ್ಕಿನ ಮಾಂಸದ ಕೋಳಿಗಳಲ್ಲಿ ಪ್ರತಿರೋಧಿ ಎಂಟರೊಕಾಕಸ್ ಫೀಸಿಯಂ 1995ರಲ್ಲಿ 72.7% ಇದ್ದದ್ದು 2000ದಲ್ಲಿ 5.8%ಕ್ಕೆ ಇಳಿಯಿತು. ಹಂದಿಗಳಲ್ಲಿ ಮಾತ್ರ ಮೂರು ವರ್ಷ ಕಳೆದರೂ ಇಳಿಯಲಿಲ್ಲ. ಹುಡುಕಿದಾಗ, ವ್ಯಾಂಕೊಮೈಸಿನ್ ವಿರುದ್ಧದ ಜೀನ್ ಇದ್ದ ಪ್ಲಾಸ್ಮಿಡ್ ಮೇಲೆಯೇ ಟೈಲೋಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್‌ನ ವಿರುದ್ಧದ ಜೀನೂ ಇತ್ತು. ಹಂದಿಗಳಿಗೆ ಟೈಲೋಸಿನ್ ಕೊಡುವುದು ಮುಂದುವರಿದಿತ್ತು. 1998ರಲ್ಲಿ ಅದರ ಬಳಕೆ ಕುಗ್ಗಿದ ಮೇಲೆ ಹಂದಿಗಳಲ್ಲೂ ಪ್ರತಿರೋಧ ಇಳಿಯಿತು. ಔಷಧ ನಿಲ್ಲಿಸಿದರೆ ಪ್ರತಿರೋಧ ತಾನಾಗಿ ಮಾಯವಾಗುತ್ತದೆ ಎಂಬ ನಂಬಿಕೆಗೂ, ಎಂದೂ ಮಾಯವಾಗದು ಎಂಬ ನಿರಾಶೆಗೂ ಈ ಪ್ರಕರಣ ಉತ್ತರ ಕೊಡುತ್ತದೆ.

ಕೊಲಿಸ್ಟಿನ್ ಇನ್ನೊಂದು ಬಗೆಯದು. ಮೂತ್ರಪಿಂಡಕ್ಕೆ ಹಾನಿ ಮಾಡುವುದರಿಂದ ವೈದ್ಯರು ಅದನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರು. ಅಗ್ಗವಾದ್ದರಿಂದ ಹಂದಿ, ಕೋಳಿಗಳ ಪಾಲಿಗೆ ಉಳಿದಿತ್ತು. ಉಳಿದ ಔಷಧಗಳು ಸೋಲತೊಡಗಿದಾಗ ತೀವ್ರ ನಿಗಾ ಘಟಕಗಳಿಗೆ ಅದು ಮತ್ತೆ ಬೇಕಾಯಿತು. 2015ರ ನವೆಂಬರಿನಲ್ಲಿ ಚೀನಾದ ಸಂಶೋಧಕರು, ಪ್ಲಾಸ್ಮಿಡ್ ಮೇಲೆ ಚಲಿಸುವ ಕೊಲಿಸ್ಟಿನ್ ಪ್ರತಿರೋಧದ ಜೀನನ್ನು ಮೊದಲ ಬಾರಿಗೆ ವರದಿ ಮಾಡಿದರು. ಅದಕ್ಕೆ ಎಂಸಿಆರ್-1 ಎಂದು ಹೆಸರು. ಅದು ಹಂದಿಯೊಂದರ ಇ. ಕೋಲೈಯಲ್ಲಿ ಸಿಕ್ಕಿತ್ತು. ಅವರು ಪರೀಕ್ಷಿಸಿದ ಪ್ರಾಣಿಗಳ ಇ. ಕೋಲೈ ಮಾದರಿಗಳಲ್ಲಿ 21%, ಹಸಿ ಮಾಂಸದವುಗಳಲ್ಲಿ 15%, ಒಳರೋಗಿಗಳ ಮಾದರಿಗಳಲ್ಲಿ 1% ಈ ಜೀನ್ ಹೊತ್ತಿದ್ದವು. ಹರಿವಿನ ದಿಕ್ಕು ಈ ಮೂರು ಅಂಕಿಗಳಲ್ಲೇ ಕಾಣುತ್ತದೆ. ಸ್ವಲ್ಪ ಕಾಲದಲ್ಲೇ ಹಲವು ಖಂಡಗಳಿಂದ, ಭಾರತದಿಂದಲೂ, ಅದೇ ಜೀನಿನ ವರದಿಗಳು ಬಂದವು. ಚೀನಾ 2017ರಲ್ಲಿ ಬೆಳವಣಿಗೆಗಾಗಿ ಕೊಲಿಸ್ಟಿನ್ ಬಳಸುವುದನ್ನು ನಿಲ್ಲಿಸಿದ ಬಳಿಕ ಅಲ್ಲಿಯ ಹಂದಿಗಳಲ್ಲೂ ಜನರಲ್ಲೂ ಅದರ ಪ್ರಮಾಣ ಗಮನಾರ್ಹವಾಗಿ ಇಳಿಯಿತು.

ಕೋಳಿಗಳಿಗೆ ಕೊಡುತ್ತಿದ್ದ ಎನ್ರೊಫ್ಲಾಕ್ಸಸಿನ್ ಮನುಷ್ಯರ ಸಿಪ್ರೊಫ್ಲಾಕ್ಸಸಿನ್‌ನ ಒಡಹುಟ್ಟು. ಕ್ಯಾಂಪಿಲೋಬ್ಯಾಕ್ಟರ್ ಭೇದಿಯ ಚಿಕಿತ್ಸೆ ಕೈಕೊಡತೊಡಗಿದ ಮೇಲೆ ಅಮೆರಿಕ 2005ರಲ್ಲಿ ಅದನ್ನು ಕೋಳಿಗಳಿಗೆ ಕೊಡುವುದನ್ನು ನಿಷೇಧಿಸಿತು. ಸಾವಿನವರೆಗೂ ಹೋದ ಪ್ರಕರಣಗಳಿವೆ. 1998ರಲ್ಲಿ ಡೆನ್ಮಾರ್ಕಿನಲ್ಲಿ ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲ ಡಿಟಿ104 ತಗುಲಿ 25 ಜನ ಕಾಯಿಲೆ ಬಿದ್ದರು, 11 ಮಂದಿ ಆಸ್ಪತ್ರೆ ಸೇರಿದರು, ಇಬ್ಬರು ಸತ್ತರು. ಮೂಲ ಹಂದಿಗಳ ಹಿಂಡಿನಲ್ಲಿತ್ತು.

ಮನುಷ್ಯರಿಂದ ಪ್ರಾಣಿಗಳಿಗೆ

2004ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹಂದಿ ಸಾಕುವ ಕುಟುಂಬದ ಆರು ತಿಂಗಳ ಮಗುವಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಮಾಡಿದ ಪರೀಕ್ಷೆಯಲ್ಲಿ ಮೆಥಿಸಿಲಿನ್‌ಗೆ ಬಗ್ಗದ ಸ್ಟೆಫಿಲೋಕಾಕಸ್ ಆರಿಯಸ್, ಅಂದರೆ ಎಂಆರ್‌ಎಸ್‌ಎ, ಸಿಕ್ಕಿತು. ಅದು ಆಸ್ಪತ್ರೆಗಳಿಗೆ ಪರಿಚಿತ ತಳಿಯಾಗಿರಲಿಲ್ಲ. ಮುಂದೆ ಸಿಸಿ398 ಎಂದು ಹೆಸರಾದ ಈ ತಳಿ ಹಂದಿಗಳ ಮೂಗಿನಲ್ಲಿ ವ್ಯಾಪಕವಾಗಿತ್ತು. ಆ ಪ್ರದೇಶದ ಹಂದಿ ಸಾಕಣೆದಾರರಲ್ಲಿ ಎಂಆರ್‌ಎಸ್‌ಎ ಇರುವ ಪ್ರಮಾಣ ಡಚ್ ಆಸ್ಪತ್ರೆಗಳಿಗೆ ದಾಖಲಾಗುವ ರೋಗಿಗಳಿಗಿಂತ 760 ಪಟ್ಟಿಗೂ ಹೆಚ್ಚೆಂದು ಲೆಕ್ಕಹಾಕಲಾಯಿತು. ಹಂದಿಯೇ ಅಪರಾಧಿ ಎಂದು ತೋರಿತ್ತು. 2012ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಹಿಂದಿನ ಅಧ್ಯಾಯವನ್ನು ಬಿಚ್ಚಿಟ್ಟಿತು. ಈ ತಳಿ ಮೊದಲು ಮನುಷ್ಯರದಾಗಿತ್ತು, ಆಗ ಮೆಥಿಸಿಲಿನ್‌ಗೆ ಬಗ್ಗುತ್ತಿತ್ತು. ಜಾನುವಾರುಗಳಿಗೆ ದಾಟಿದ ಮೇಲೆ ಟೆಟ್ರಾಸೈಕ್ಲಿನ್, ಮೆಥಿಸಿಲಿನ್ ಎರಡರ ವಿರುದ್ಧವೂ ಪ್ರತಿರೋಧ ಗಳಿಸಿ, ಮನುಷ್ಯರತ್ತ ಮರಳಿತ್ತು. ಕೋಳಿಗಳ ಕೀಲುಗಳಿಗೆ ಸೋಂಕು ತರುವ ಸ್ಟೆಫಿಲೋಕಾಕಸ್ ತಳಿಯೊಂದು ಕೂಡ ಕೆಲವೇ ದಶಕಗಳ ಹಿಂದೆ ಮನುಷ್ಯರಿಂದ ದಾಟಿದ್ದೆಂದು 2009ರಲ್ಲಿ ತಿಳಿಯಿತು.

ಎಷ್ಟು ಪಾಲು

ಜೀನೋಮ್ ಪೂರ್ತಿ ಓದುವ ತಂತ್ರ ಬಂದ ಮೇಲೆ ಹಳೆಯ ಕೆಲವು ತೀರ್ಮಾನಗಳು ತಿದ್ದುಪಡಿಯಾದವು. ಸ್ಕಾಟ್ಲೆಂಡಿನ ಡಿಟಿ104 ಮಾದರಿಗಳನ್ನು ಹೋಲಿಸಿದ 2013ರ ಅಧ್ಯಯನದಲ್ಲಿ ಪ್ರಾಣಿಗಳ ಮತ್ತು ಮನುಷ್ಯರ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ತಮ್ಮತಮ್ಮಲ್ಲೇ ಸುತ್ತುತ್ತಿದ್ದವು. ಪೂರ್ವ ಇಂಗ್ಲೆಂಡಿನ ಇ. ಕೋಲೈ ಬಗ್ಗೆ 2019ರಲ್ಲಿ ಬಂದ ಅಧ್ಯಯನವೂ ಅದನ್ನೇ ಹೇಳಿತು. ಅದೇ ವರ್ಷ ನೆದರ್‌ಲೆಂಡ್ಸ್‌ನ ಅಂದಾಜೊಂದು, ಸಮುದಾಯದಲ್ಲಿನ ಇಎಸ್‌ಬಿಎಲ್ (ಪೆನಿಸಿಲಿನ್ ಬಗೆಯ ಹಲವು ಔಷಧಗಳನ್ನು ಒಡೆಯುವ ಕಿಣ್ವ) ಹೊತ್ತ ಇ. ಕೋಲೈಯಲ್ಲಿ ಸುಮಾರು 60% ಮನುಷ್ಯರಿಂದ ಮನುಷ್ಯರಿಗೆ, ಸುಮಾರು 19% ಆಹಾರದಿಂದ ಬಂದದ್ದೆಂದು ಲೆಕ್ಕ ಹಾಕಿತು. ಮಾಂಸೋದ್ಯಮದವರು ಇಂಥ ಅಂಕಿಗಳನ್ನು ತಮ್ಮ ಪರವಾಗಿ ಓದುವುದುಂಟು. ಆದರೆ ಇವು ಶುಚಿಯಾದ ನೀರು, ಒಳಚರಂಡಿ, ಬಿಗಿ ನಿಯಮ ಎಲ್ಲವೂ ಇರುವ ದೇಶಗಳ ಅಂಕಿಗಳು. ಕೊಟ್ಟಿಗೆಗೂ ಅಡುಗೆಮನೆಗೂ ಒಂದೇ ಗೋಡೆಯಿರುವ ಊರುಗಳಿಗೆ ಇವನ್ನು ಹಾಗೆಯೇ ಅನ್ವಯಿಸಲಾಗದು. ಅಲ್ಲದೆ ಒಮ್ಮೆ ದಾಟಿದ ಜೀನ್ ಆಮೇಲೆ ಮನುಷ್ಯರ ನಡುವೆಯೇ ಹಬ್ಬಿದರೆ ಇಂಥ ಲೆಕ್ಕದಲ್ಲಿ ಅದು ಮನುಷ್ಯರ ಖಾತೆಗೇ ಸೇರುತ್ತದೆ.

ತಡೆ

ಬೆಳವಣಿಗೆಗಾಗಿ ಆಂಟಿಬಯಾಟಿಕ್ ಕೊಡುವುದನ್ನು ಮೊದಲು ನಿಲ್ಲಿಸಿದ್ದು ಸ್ವೀಡನ್, 1986ರಲ್ಲಿ. ಯುರೋಪ್ ಒಕ್ಕೂಟದಲ್ಲಿ ಅದು 2006ರ ಜನವರಿ 1ರಿಂದ ಪೂರ್ತಿ ನಿಂತಿತು. 2022ರಿಂದ ವಾಡಿಕೆಯಾಗಿ ಮುಂಚಿತವಾಗಿ ಔಷಧ ಕೊಡುವುದಕ್ಕೂ ತಡೆ ಬಂತು. ನಿಷೇಧದಿಂದ ತೊಂದರೆ ಆಗಲೇ ಇಲ್ಲ ಎನ್ನುವಂತಿಲ್ಲ. ಡೆನ್ಮಾರ್ಕಿನಲ್ಲಿ ತಾಯಿಯಿಂದ ಬಿಡಿಸಿದ ಹಂದಿಮರಿಗಳಲ್ಲಿ ಭೇದಿ ಹೆಚ್ಚಿ, ಚಿಕಿತ್ಸೆಗೆ ಔಷಧ ಕೆಲಕಾಲ ಹೆಚ್ಚು ಬೇಕಾಯಿತು. ಮೇವಿನಿಂದ ಔಷಧ ತೆಗೆದರೆ ಸಾಲದು, ಅದು ಮುಚ್ಚಿಟ್ಟಿದ್ದ ಇಕ್ಕಟ್ಟು, ಕೊಳಕು, ಅವಸರದ ಹಾಲು ಬಿಡಿಸುವಿಕೆಗಳನ್ನೂ ಸರಿಪಡಿಸಬೇಕಾಗುತ್ತದೆ. ನಾರ್ವೆಯ ಸಾಲ್ಮನ್ ಸಾಕಣೆ ಇದಕ್ಕೆ ಒಳ್ಳೆಯ ಉದಾಹರಣೆ. 1987ರಲ್ಲಿ ಸುಮಾರು 48 ಟನ್ ಆಂಟಿಬಯಾಟಿಕ್ ನುಂಗಿದ್ದ ಉದ್ಯಮ ಲಸಿಕೆಗಳು ಬಂದ ಮೇಲೆ, ಉತ್ಪಾದನೆ ಎಷ್ಟೋ ಪಟ್ಟು ಬೆಳೆದರೂ, ಒಂದು ಟನ್ನಿಗಿಂತ ಕಡಿಮೆಗೆ ಇಳಿಸಿದೆ.

ಭಾರತದಲ್ಲಿ

2010ರ ಲೆಕ್ಕದಂತೆ ಜಾನುವಾರುಗಳಿಗೆ ಆಂಟಿಬಯಾಟಿಕ್ ಬಳಸುವ ದೇಶಗಳಲ್ಲಿ ಭಾರತ ಚೀನಾ, ಅಮೆರಿಕ, ಬ್ರೆಜಿಲ್‌ಗಳ ಬಳಿಕ ನಾಲ್ಕನೆಯದು. ಪಂಜಾಬಿನ 18 ಕೋಳಿ ಫಾರಂಗಳ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮಾಂಸದ ಕೋಳಿಗಳಲ್ಲಿ 87%, ಮೊಟ್ಟೆ ಕೋಳಿಗಳಲ್ಲಿ 42% ಪ್ರಮಾಣದಲ್ಲಿ ಇಎಸ್‌ಬಿಎಲ್ ಬ್ಯಾಕ್ಟೀರಿಯ ಅದರಲ್ಲಿ ಕಂಡಿತು. ಆರು ವಾರದೊಳಗೆ ತೂಕ ಬರಬೇಕಾದ ಬ್ರಾಯ್ಲರ್‌ಗೂ ವರ್ಷಕ್ಕೂ ಹೆಚ್ಚು ಕಾಲ ಮೊಟ್ಟೆಯಿಡುವ ಕೋಳಿಗೂ ಇರುವ ಸಾಕಣೆಯ ವ್ಯತ್ಯಾಸವೇ ಇಲ್ಲಿ ಎದ್ದು ತೋರುತ್ತದೆ. ಕರ್ನಾಟಕ, ತಮಿಳುನಾಡುಗಳಲ್ಲಿ ರೂಢಿಯಲ್ಲಿರುವ ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಮೂರೂ ಕಂಪನಿಯವು. ಶೆಡ್ಡು ಮತ್ತು ದುಡಿಮೆ ರೈತನವು. ಮೇವಿನ ಚೀಲದೊಳಗೆ ಏನಿರಬೇಕೆಂದು ತೀರ್ಮಾನಿಸುವವನು ರೈತನಲ್ಲ. ಹಾಗಾಗಿ ಅರಿವು ಮೂಡಿಸುವ ಶಿಬಿರಗಳು ರೈತರನ್ನಷ್ಟೇ ಕೂರಿಸಿಕೊಂಡರೆ ಪ್ರಯೋಜನ ಅರ್ಧಕ್ಕೂ ಕಡಿಮೆ. ಶೆಡ್ಡಿನ ಗೊಬ್ಬರ ತೋಟ, ಹೊಲಗಳಿಗೆ ಹೋಗುತ್ತದೆ; ಹದವಾಗಿ ಕೊಳೆಸದೆ ಹಾಕಿದರೆ ಅದರ ಜೊತೆ ಜೀನ್‌ಗಳೂ ಹೋಗುತ್ತವೆ.

ಸಾಮಾನ್ಯವಾಗಿ ಎರಡು ವಿಷಯ ಕಲಸಿಹೋಗುತ್ತವೆ: ಹಾಲು, ಮಾಂಸದಲ್ಲಿ ಔಷಧದ ಶೇಷ ಒಂದು, ಪ್ರತಿರೋಧಿ ಬ್ಯಾಕ್ಟೀರಿಯ ಇನ್ನೊಂದು. ಚೆನ್ನಾಗಿ ಬೇಯಿಸಿದರೆ, ಹಾಲು ಕಾಯಿಸಿದರೆ ಬ್ಯಾಕ್ಟೀರಿಯ ಸಾಯುತ್ತದೆ. ಔಷಧದ ಶೇಷ ಎಲ್ಲವೂ ಹೋಗುವುದಿಲ್ಲ. ನಮ್ಮ ಅಡುಗೆಯಲ್ಲಿ ಮಾಂಸ ಹಸಿ ಉಳಿಯುವುದು ಅಪರೂಪವಾದ್ದರಿಂದ ಹೆಚ್ಚಿನ ಅಪಾಯ ಬೇಯುವ ಮೊದಲೇ ಇದೆ: ಕೋಳಿ ಕೊಯ್ಯುವ ಅಂಗಡಿಯಲ್ಲಿ, ತೊಳೆದ ನೀರಿನಲ್ಲಿ, ಅದೇ ಮಣೆಯ ಮೇಲೆ ಹೆಚ್ಚಿದ ಸೌತೆಕಾಯಿಯಲ್ಲಿ. ಔಷಧ ಕೊಟ್ಟ ಬಳಿಕ ಎಷ್ಟು ದಿನ ಕಾಯಬೇಕೆಂಬುದನ್ನು ಪಶು ಔಷಧದ ಲೇಬಲ್ ಮೇಲೆ ನಮೂದಿಸಬೇಕೆಂದು ಭಾರತದ ನಿಯಮ ಹೇಳುತ್ತದೆ. ನಿರ್ದಿಷ್ಟ ಅವಧಿ ಇಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಒಂದೆರಡು ಹಸುವಿನ ಮನೆಯಲ್ಲಿ ಡೇರಿಗೆ ಏಳು ದಿನ ಹಾಲು ಹಾಕದಿರುವುದು ಎಂಥ ನಷ್ಟವೆಂದು ತಿಳಿದವರಿಗೆ, ಈ ನಿಯಮ ಏಕೆ ಕಾಗದದಲ್ಲೇ ಉಳಿಯುತ್ತದೆಂಬುದೂ ತಿಳಿದಿರುತ್ತದೆ. ನಷ್ಟ ತುಂಬಿಕೊಡುವ ಏರ್ಪಾಡಿಲ್ಲದೆ ನಿಯಮದ ಪಾಲನೆಯನ್ನು ನಿರೀಕ್ಷಿಸುವುದು ಅನ್ಯಾಯ.

ಭಾರತ ಸರ್ಕಾರ 2017ರಲ್ಲಿ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿತು. 2018ರಲ್ಲಿ ಕೇರಳ ತನ್ನದೇ ಯೋಜನೆ ಮಾಡಿಕೊಂಡ ಮೊದಲ ರಾಜ್ಯವಾಯಿತು. 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ತಯಾರಿಕೆ, ಮಾರಾಟ ನಿಷೇಧವಾಯಿತು. ಹಸುಗಳ ಕೆಚ್ಚಲು ಬಾವು ಡೇರಿಗಳಲ್ಲಿ ಆಂಟಿಬಯಾಟಿಕ್ ಬಳಕೆಗೆ ದೊಡ್ಡ ಕಾರಣ. ಇದಕ್ಕೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ನಾಟಿ ವಿಧಾನವನ್ನು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವೂ ಪ್ರಚಾರ ಮಾಡುತ್ತಿವೆ. ಹಾಲು ಕರೆಯುವ ಮುನ್ನ ಮತ್ತು ನಂತರದ ಕೆಚ್ಚಲಿನ ಶುಚಿತ್ವ ಅದಕ್ಕಿಂತಲೂ ಮುಖ್ಯ.

ಡೆನ್ಮಾರ್ಕ್ 1995ರಲ್ಲಿ ಸ್ಥಾಪಿಸಿದ ಡ್ಯಾನ್‌ಮ್ಯಾಪ್ ವ್ಯವಸ್ಥೆ ಪ್ರಾಣಿ, ಆಹಾರ, ಮನುಷ್ಯ ಈ ಮೂರರ ಔಷಧ ಬಳಕೆ ಮತ್ತು ಪ್ರತಿರೋಧದ ಅಂಕಿಗಳನ್ನು ಪ್ರತಿವರ್ಷ ಒಂದೇ ವರದಿಯಲ್ಲಿ ಪ್ರಕಟಿಸುತ್ತದೆ. ಅವೊಪಾರ್ಸಿನ್ ಮತ್ತು ಟೈಲೋಸಿನ್‌ಗಳ ನಂಟು ಬಯಲಾದದ್ದು ಇಂಥ ನಿರಂತರ ಲೆಕ್ಕದಿಂದ. ಭಾರತದಲ್ಲಿ ಆಸ್ಪತ್ರೆಗಳ ಅಂಕಿಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲ ಸಂಗ್ರಹಿಸುತ್ತದೆ. ಜಾನುವಾರು ಮತ್ತು ಮೀನುಗಳದನ್ನು ಭಾರತೀಯ ಕೃಷಿ ಸಂಶೋಧನಾ ಮಂಡಳಿಯ ಇನ್‌ಫಾರ್ ಜಾಲ. ಎರಡೂ ತಮ್ಮತಮ್ಮ ವರದಿಗಳನ್ನು ಬೇರೆಬೇರೆಯಾಗಿ ಹೊರತರುತ್ತಿವೆ.